ಸಂಪರ್ಕ ಕಡಿತದ ಪೂರ್ವಸೂಚನೆ (ವಿದ್ಯುತ್)

ಬಿಲ್ಲು ಬಾಕಿ ಉಳಿಸಿಕೊಂಡವರ ಕರೆಂಟು ಕಡಿಯುವ ಮೊದಲು ಸರಬರಾಜು ಕಂಪನಿ ಬರವಣಿಗೆಯಲ್ಲಿ ಕೊಡಬೇಕಾದ ತಿಳಿವಳಿಕೆಗೆ ಪೂರ್ವಸೂಚನೆ ಎಂದು ಹೆಸರು. ಭಾರತದಲ್ಲಿ ಇದರ ಆಧಾರ 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೆಯ ಕಲಮು. 1910ರ ಕಾಯ್ದೆಯಲ್ಲಿ 7 ದಿನವಿದ್ದ ಗಡುವು ಇಲ್ಲಿ 15 ಪೂರ್ಣ ದಿನಗಳಾಯಿತು. ನೋಟಿಸು ಮುಟ್ಟಿದ ದಿನವೂ ಫ್ಯೂಸ್ ಕೀಳುವ ದಿನವೂ ಆ ಲೆಕ್ಕಕ್ಕೆ ಸೇರವು. 1ನೇ ತಾರೀಕು ಕೈಸೇರಿದರೆ 17ಕ್ಕೆ ಮುಂಚೆ ಲೈನ್‌ಮನ್ ಸಂಪರ್ಕ ಮುಟ್ಟುವಂತಿಲ್ಲ.

ಇದನ್ನು ಹಣ ಕಟ್ಟಲು ಕೊಟ್ಟ ವಾಯಿದೆ ಎಂದಷ್ಟೇ ತಿಳಿಯುವುದು ವಾಡಿಕೆ. ಕಾಯ್ದೆಯನ್ನು ಗಮನವಿಟ್ಟು ಓದಿದರೆ ಇದು ಪ್ರಶ್ನಿಸಲು ಕೊಟ್ಟ ಕಾಲ ಎಂಬುದು ಗೊತ್ತಾಗುತ್ತದೆ. ಬಿಲ್ಲು ತಪ್ಪೆನ್ನುವ ಗ್ರಾಹಕರು ಕೇಳಿದ ಮೊತ್ತವನ್ನೋ ಹಿಂದಿನ ಆರು ತಿಂಗಳ ಸರಾಸರಿಯನ್ನೋ, ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆಯೊಂದಿಗೆ ಠೇವಣಿ ಇಟ್ಟರೆ ವಿವಾದ ತೀರುವವರೆಗೆ ದೀಪ ಆರಿಸುವಂತಿಲ್ಲ. ಮೀಟರ್ ಕೆಟ್ಟು ಸಾವಿರಗಟ್ಟಲೆ ಬಿಲ್ಲು ಬಂದ ಬಡವರಿಗೆ ಈ ಹಕ್ಕೇ ಆಸರೆ. ಆದರೆ ನೋಟಿಸೇ ಬಾರದಿದ್ದರೆ ಅದನ್ನು ಬಳಸಲು ಸಮಯವೆಲ್ಲಿ? ಹಳೆಯ ಬಾಕಿಗೂ ಮಿತಿಯುಂಟು: ಅದನ್ನು ಬಿಲ್ಲುಗಳಲ್ಲಿ ತೋರಿಸುತ್ತ ಬರದಿದ್ದರೆ ಎರಡು ವರ್ಷದ ಮೇಲೆ ಈ ಕಲಮಿನಡಿ ವಸೂಲಿಯಿಲ್ಲ. ಈ ಎರಡು ವರ್ಷ ಮೀರಿದ ಮೇಲೂ ತಪ್ಪು ಸರಿಪಡಿಸಿ ಹೆಚ್ಚುವರಿ ಬಿಲ್ಲು ಕಳಿಸಬಹುದು, ಅದಕ್ಕಾಗಿ ಸಂಪರ್ಕ ಕಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು.

ಹಣವಿದ್ದೂ ಕಟ್ಟದವರಿಗೆ ಈ ಹದಿನೈದು ದಿನ ಪುಕ್ಕಟೆ ಕರೆಂಟು ಸಿಕ್ಕಂತಾಗುತ್ತದೆ, ನಷ್ಟ ಕೊನೆಗೆ ನೆಟ್ಟಗೆ ಕಟ್ಟುವವರ ತಲೆಗೆ ಬರುತ್ತದೆ ಎಂಬ ಆಕ್ಷೇಪ ಹಗುರವಾದುದಲ್ಲ. ಆದರೆ ಇಂಥ ನಷ್ಟಕ್ಕೆಂದೇ 47ನೆಯ ಕಲಮು ಭದ್ರತಾ ಠೇವಣಿ ಪಡೆಯಲು ಬಿಟ್ಟಿದೆ, ತಡವಾದ ಹಣಕ್ಕೆ ಬಡ್ಡಿಯೂ ಉಂಟು. ತಪ್ಪಾಗಿ ಕತ್ತಲೆಗೆ ಬಿದ್ದ ಮನೆಯ ಪರೀಕ್ಷೆಯ ಮಕ್ಕಳಿಗೆ, ಆಮ್ಲಜನಕದ ಯಂತ್ರ ನೆಚ್ಚಿದ ರೋಗಿಗೆ ಯಾವ ಠೇವಣಿಯೂ ಇಲ್ಲ.

ಮೊಬೈಲಿಗೆ ಸಂದೇಶ ಕಳಿಸಿದರೆ ಸಾಲದೇ ಎಂದೂ ಕೇಳುತ್ತಾರೆ. ಕಾಯ್ದೆಯ 171ನೆಯ ಕಲಮು ಸಹಿ ಪಡೆದು ಕೈಗೆ ಕೊಡುವುದು, ನೋಂದಾಯಿತ ಅಂಚೆ ಮುಂತಾದ ದಾರಿಗಳನ್ನು ಹೇಳುವುದು ತಲುಪಿದ್ದಕ್ಕೆ ಪುರಾವೆ ಇರಲೆಂದು. 2022ರ ಹೊತ್ತಿಗೆ ‘ಇಂದು ರಾತ್ರಿ ಕರೆಂಟು ಕಟ್’ ಎಂಬ ಸುಳ್ಳು ಸಂದೇಶ ನಂಬಿ ದೇಶದ ಹಲವೆಡೆ ಜನ ವಂಚಕರಿಗೆ ಹಣ ಕಳೆದುಕೊಂಡರು. ಸಂದೇಶ ನೆನಪಿಸಲಿ, ಆದರೆ ನೋಟಿಸಿನ ಜಾಗಕ್ಕೆ ಅದು ಬರಬಾರದು. ಮುಂಗಡ ಹಣದ ಸ್ಮಾರ್ಟ್ ಮೀಟರಿನಲ್ಲಿ ಕಡಿತ ತಾನಾಗಿಯೇ ಆಗುವುದರಿಂದ, ಪ್ರಶ್ನಿಸುವ ಆ ಕಾಲಾವಕಾಶವನ್ನು ಅಲ್ಲಿಯೂ ನಿಯಮದಲ್ಲೇ ಬರೆದಿಡಬೇಕು.