ಕೊಳವೆ ಕಬ್ಬಿಣದ್ದು, ಮ್ಯಾಗಜೀನ್ ಪ್ಲಾಸ್ಟಿಕ್ಕಿನದು

ದೇವನಹಳ್ಳಿಯಲ್ಲಿ ಟಿಪ್ಪು ಹುಟ್ಟಿದ ಜಾಗ ನೋಡಿದಾಗಲೆಲ್ಲ ನನಗೆ ನೆನಪಾಗೋದು ಮೈಸೂರಿನ ರಾಕೆಟ್ಟು. ಯುರೋಪಿನವರು ಕಾಗದದ ಕೊಳವೆಗೆ ಮದ್ದು ತುಂಬುತ್ತಿದ್ದಾಗ ನಮ್ಮವರು ಕಬ್ಬಿಣದ ಕೊಳವೆ ಬಳಸಿದರು. ಅದು ಒತ್ತಡ ತಡೆಯಿತು, ರಾಕೆಟ್ ದೂರ ಹಾರಿತು. ಗೆದ್ದಿದ್ದು ಮದ್ದಲ್ಲ ವೀಕ್ಷಕರೇ, ಕೊಳವೆ.

ಈಗ 1999ರ ಕಾರ್ಗಿಲ್‌ಗೆ ಬನ್ನಿ. ನಮ್ಮ ಸೈನಿಕರ ಕೈಗೆ ಆಗಷ್ಟೇ ಬಂದಿದ್ದ ಹೊಸ ರೈಫಲ್ ಇನ್ಸಾಸ್. ಪುಣೆಯ ಡಿಆರ್‌ಡಿಒ ಪ್ರಯೋಗಾಲಯದ ವಿನ್ಯಾಸ, ಒಳಗಿನ ಯಂತ್ರ ಬಹುಪಾಲು ಎಕೆ ಮಾದರಿ. ಹಳೇ ಎಸ್‌ಎಲ್‌ಆರ್‌ನದು 7.62 ಮಿ.ಮೀ. ಗುಂಡು, ಇದರದು 5.56. ಗುಂಡು ಹಗುರಾದರೆ ಸೈನಿಕ ಹೆಚ್ಚು ಹೊತ್ತೊಯ್ಯಬಹುದು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ 20 ಗುಂಡಿನ ಪ್ಲಾಸ್ಟಿಕ್ ಮ್ಯಾಗಜೀನ್ ಆ ಚಳಿಗೆ ಬಿರುಕು ಬಿಟ್ಟಿತು. ರೈಫಲ್ ಜಾಮ್ ಆಯಿತು. ಎಂಜಿನಿಯರಿಂಗ್ ಓದಿದ ನನಗೆ ಹೊಟ್ಟೆ ಉರಿಯೋದು ಇಲ್ಲೇ. ಚಳಿಗೆ ಪ್ಲಾಸ್ಟಿಕ್ ಪೆಡಸಾಗುತ್ತೆ ಅನ್ನೋದು ಮೊದಲ ವರ್ಷದ ಪಾಠ! ಎದುರಿಗೆ ಶತ್ರು, ಕೈಯಲ್ಲಿ ಸಿಡಿಯದ ಬಂದೂಕು. ಯೋಚನೆ ಮಾಡಿ.

ಆಮೇಲೆ ಮ್ಯಾಗಜೀನ್ ಸುಧಾರಿಸಿದರು. ಅಷ್ಟರಲ್ಲಿ ನಂಬಿಕೆ ಹೋಗಿತ್ತು. 2019ರಲ್ಲಿ ಅಮೆರಿಕದ ಕಂಪನಿಗೆ 72,400 ಸಿಗ್ 716 ರೈಫಲ್‌ಗಳ ಆರ್ಡರ್ ಹೋಯಿತು. ಅದರ ಗುಂಡು? ಮತ್ತೆ ಅದೇ 7.62.