ಹೊಗೆಯನ್ನೇ ಮರಳಿ ಒಳಗೆಳೆಯುವ ಎಂಜಿನ್

ಇಲ್ಲಿರುವ ಇಜಿಆರ್ ಕವಾಟದ, ಅಂದರೆ ಹೊಗೆಯನ್ನು ಮರಳಿ ಎಂಜಿನ್ನಿಗೆ ಬಿಡುವ ಕವಾಟದ, ಬಾಯಿಯ ಸುತ್ತ ಗಟ್ಟಿಯಾಗಿ ಕಟ್ಟಿರುವ ಮಸಿಯನ್ನು ನೋಡಿ. ಈ ಭಾಗದ ಕೆಲಸವೂ ಅದರ ಮೇಲಿನ ದೂರೂ ಅಲ್ಲೇ ಇವೆ. ನಾವು ಉಸಿರಾಡುವ ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದೆ. ಸಾಮಾನ್ಯವಾಗಿ ತನ್ನ ಪಾಡಿಗೆ ತಾನಿರುವ ಅದು, ಸಿಲಿಂಡರಿನೊಳಗಿನ ಉರಿಯ ತಾಪ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಆಮ್ಲಜನಕದೊಂದಿಗೆ ಬಿರುಸಾಗಿ ಕೂಡಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಇದು ಬಿಸಿಲಿನಲ್ಲಿ ಇಂಧನದ ಆವಿಯೊಡನೆ ಸೇರಿ ಓಜೋನ್ ಹುಟ್ಟಿಸುತ್ತದೆಂದು 1950ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸಿನ ಹೊಗೆಮಂಜನ್ನು ಅಭ್ಯಸಿಸಿದ ಆರೀ ಹಾಗನ್-ಸ್ಮಿಟ್ ತೋರಿಸಿಕೊಟ್ಟರು. ಹಾಗಾದರೆ ತಣಿಸಬೇಕಾದದ್ದು ಉರಿಯನ್ನೇ. ಅದಕ್ಕೆ ಬೇಕಾದ ವಸ್ತು ಎಂಜಿನ್ನಿನ ಬಳಿಯೇ ಇದೆ: ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಮತ್ತೆ ಉರಿಯುವುದಿಲ್ಲ, ಶಾಖವನ್ನು ಮಾತ್ರ ಹೀರುತ್ತವೆ. ಹೊಗೆಯ ಒಂದು ಪಾಲನ್ನು ಈ ಕವಾಟದ ಮೂಲಕ ಮರಳಿ ಸಿಲಿಂಡರಿಗೆ ಬಿಡುವ ಏರ್ಪಾಡು 1970ರ ದಶಕದ ಆರಂಭದಲ್ಲಿ ಅಮೆರಿಕದ ಕಾರುಗಳಿಗೆ ಬಂತು.

ಹೊಗೆ ಕುಡಿಸಿದರೆ ಎಂಜಿನ್ ಸೊರಗದೇ ಎಂದು ಕೇಳುವವರಿದ್ದಾರೆ. ಪೂರ್ತಿ ಶಕ್ತಿ ಬೇಕಾದಾಗ, ಆಕ್ಸಿಲರೇಟರನ್ನು ತಳದವರೆಗೆ ಒತ್ತಿದಾಗ, ಕವಾಟ ಮುಚ್ಚಿಕೊಳ್ಳುತ್ತದೆ. ನಿಧಾನವಾಗಿ ಸಾಗುವಾಗಲಂತೂ ಪೆಟ್ರೋಲ್ ಎಂಜಿನ್ನಿಗೆ ಲಾಭವೇ: ಹೊಗೆಯೂ ಸೇರುವ ಕಾರಣ ಗಾಳಿಯ ದಾರಿಯ ಥ್ರಾಟಲ್ ಹೆಚ್ಚು ತೆರೆದಿರುವುದರಿಂದ ಗಾಳಿ ಎಳೆದುಕೊಳ್ಳುವ ಶ್ರಮ ತಗ್ಗುತ್ತದೆ. ಮಸಿಯ ದೂರು ಮಾತ್ರ ನಿಜ, ಡೀಸೆಲ್‌ನಲ್ಲಿ ಇನ್ನೂ ನಿಜ. ಕವಾಟ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ನಿಂತ ಗಾಡಿ ನಡುಗುತ್ತದೆ. ಆಗ ಕೆಲವರು ತಗಡಿಟ್ಟು ದಾರಿಯನ್ನೇ ಮುಚ್ಚಿಸುತ್ತಾರೆ. ಅದು ತಪ್ಪು. ಮಸಿ ಕಟ್ಟಿದ್ದನ್ನು ಬಿಚ್ಚಿ ತೊಳೆಯಬಹುದು. ಸೈಲೆನ್ಸರಿನಿಂದ ಹೊರಬಿದ್ದ ವಿಷವನ್ನು ಮರಳಿ ಹಿಡಿಯಲಾಗದು.