ಕೀಲಿಯ ಸದ್ದು ಅಡಗಿದ ಬಗೆ

ರೋಣ, ನರಗುಂದ, ಗಜೇಂದ್ರಗಡ. ಈ ಮೂರು ಊರುಗಳ ಹೆಸರನ್ನು ನುಡಿ ತಂತ್ರಾಂಶದಲ್ಲಿ ಮೂಡಿಸಲು ಎಷ್ಟು ಕೀಲಿಗಳನ್ನು ಒತ್ತಬೇಕು? ರೋಣಕ್ಕೆ ಮೂರು, ನರಗುಂದಕ್ಕೆ ಆರು, ಗಜೇಂದ್ರಗಡಕ್ಕೆ ಒಂಬತ್ತು. ಇದರ ಜೊತೆಗೆ ಕಿರುಬೆರಳು ಶಿಫ್ಟ್ ಕೀಲಿಯನ್ನು ಹಿಡಿಯಬೇಕು. ರೋಣದಲ್ಲಿ ಓಕಾರಕ್ಕೂ ಣಕಾರಕ್ಕೂ ಶಿಫ್ಟ್ ಬೇಕು. ಅದು ತಪ್ಪಿದರೆ ಊರಿನ ಹೆಸರು ‘ರೊನ’ ಎಂದಾಗುತ್ತದೆ. ನರಗುಂದದ ಸೊನ್ನೆಗೆ ಶಿಫ್ಟ್ ತಪ್ಪಿದರೆ ಅದು ‘ನರಗುಮದ’. ಗಜೇಂದ್ರಗಡದ ದಕಾರಕ್ಕೆ ರಕಾರದ ಒತ್ತು ಕೂಡಿಸಲು ನಡುವೆ ಎಫ್ ಕೀಲಿಯನ್ನು ಒತ್ತಬೇಕು.

ದಿನವಿಡೀ ಬೆರಳಚ್ಚು ಮಾಡುವವರ ಬೆರಳುಗಳು ಇಂಥ ಒತ್ತುವಿಕೆಯನ್ನು ಸಾವಿರಾರು ಬಾರಿ ಮಾಡುತ್ತವೆ. ಆದ್ದರಿಂದ ಕೀಲಿಯ ಕೆಳಗೆ ಏನಿದೆ ಎಂಬುದು ಕ್ಷುಲ್ಲಕ ಪ್ರಶ್ನೆಯಲ್ಲ. ಇಂದು ಯಾಂತ್ರಿಕ ಕೀಲಿಮಣೆ ಕೊಳ್ಳುವವರು ಯಾವ ‘ಲೀನಿಯರ್ ಸ್ವಿಚ್’ ಒಳ್ಳೆಯದೆಂದು ಚರ್ಚಿಸುವುದುಂಟು. ಮೇಲ್ನೋಟಕ್ಕೆ ಇದು ನಗರದ ಯುವಕರ ಹವ್ಯಾಸದಂತೆ ಕಂಡರೂ ಅದರೊಳಗಿರುವ ಪ್ರಶ್ನೆ ಹಳೆಯದು: ಅಕ್ಷರ ಬಿದ್ದಿತೆಂದು ಬೆರಳಿಗೆ ತಿಳಿಯುವುದು ಹೇಗೆ?

ಬೆರಳಚ್ಚು ಯಂತ್ರದ ಕಾಲದಲ್ಲಿ ಉತ್ತರ ಸುಲಭವಾಗಿತ್ತು. ಕೀಲಿಯನ್ನು ಒತ್ತಿದರೆ ಸನ್ನೆಗೋಲು ಎದ್ದು, ಅದರ ತುದಿಯ ಅಚ್ಚು ರಿಬ್ಬನ್ನಿನ ಮೇಲೆ ಬಡಿಯುತ್ತಿತ್ತು. ಬೆರಳಿನ ಬಲವೇ ಅಕ್ಷರದ ಮಸಿಯಾಗುತ್ತಿತ್ತು. ಮೆಲ್ಲಗೆ ಒತ್ತಿದರೆ ಅಕ್ಷರ ಮಸುಕು. ಕಾರ್ಬನ್ ಹಾಳೆ ಇಟ್ಟು ಮೂರು ನಾಲ್ಕು ಪ್ರತಿ ತೆಗೆಯಬೇಕಾದರೆ ಇನ್ನಷ್ಟು ಬಲ ಬೇಕು. ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ರೂಪಿಸಿದ ಕೀರ್ತಿ ಅನಂತ ಸುಬ್ಬರಾಯರದು. ಗೋದ್ರೆಜ್ ಸಂಸ್ಥೆ 1955ರಲ್ಲಿ ಭಾರತದಲ್ಲೇ ಬೆರಳಚ್ಚು ಯಂತ್ರ ತಯಾರಿಸತೊಡಗಿತು. 1963ರ ರಾಜಭಾಷಾ ಕಾಯಿದೆಯ ನಂತರ ಕಚೇರಿಗಳಲ್ಲಿ ಕನ್ನಡ ಯಂತ್ರದ ಅಗತ್ಯ ಹೆಚ್ಚಿತು. ತಾಲ್ಲೂಕು ಊರುಗಳ ಓದಿದ ಹುಡುಗ ಹುಡುಗಿಯರಿಗೆ ಜೂನಿಯರ್, ಸೀನಿಯರ್ ಪರೀಕ್ಷೆ ಪಾಸಾಗುವುದೆಂದರೆ ಸರ್ಕಾರಿ ನೌಕರಿಯ ಬಾಗಿಲಿಗೆ ಬಂದು ನಿಂತಂತೆ.

ಗಣಕಯಂತ್ರ ಬಂದ ಮೇಲೆ ಈ ಬಲದ ಅಗತ್ಯ ಉಳಿಯಲಿಲ್ಲ. ಕೆ.ಪಿ. ರಾವ್ ಅವರು ಕನ್ನಡದ ಅಷ್ಟೂ ಅಕ್ಷರಗಳನ್ನು ಇಂಗ್ಲಿಷಿನ 26 ಕೀಲಿಗಳೊಳಗೆ ಅಳವಡಿಸಿದರು. ಅವರ ವಿನ್ಯಾಸವೇ ಅಲ್ಪ ಬದಲಾವಣೆಯೊಂದಿಗೆ ಸರ್ಕಾರದ ಮಾನ್ಯತೆ ಪಡೆದು ನುಡಿಯ ಮೂಲಕ ಕಚೇರಿಗಳಿಗೆ ಬಂತು. ಆದರೆ ಅಗ್ಗದ ಕೀಲಿಮಣೆಗಳಲ್ಲಿ ಕೀಲಿಯ ಕೆಳಗಿದ್ದುದು ರಬ್ಬರಿನ ಪುಟ್ಟ ಬಟ್ಟಲು. ಅದು ಕುಸಿದು ತಳ ಮುಟ್ಟಿದಾಗಲೇ ಅಕ್ಷರ ಮೂಡುತ್ತದೆ. ಬ್ಯಾಂಕು, ರೈಲ್ವೆ ಕೌಂಟರುಗಳಲ್ಲಿ ಹೆಸರಾದ ಟಿವಿಎಸ್ ಗೋಲ್ಡ್ ಕೀಲಿಮಣೆಯ ಬಗೆ ಬೇರೆ. ಅದರಲ್ಲಿ ಬಳಸಿದ ಚೆರ್ರಿ ಸಂಸ್ಥೆಯ ನೀಲಿ ಸ್ವಿಚ್ಚು ‘ಟಿಕ್’ ಎಂದು ಸದ್ದು ಮಾಡಿ ಅಕ್ಷರ ಬಿದ್ದ ಸುದ್ದಿ ಹೇಳುತ್ತದೆ.

ಚೆರ್ರಿ ಸಂಸ್ಥೆಯ ‘ಎಂಎಕ್ಸ್’ ಸ್ವಿಚ್ಚುಗಳು ಬಂದದ್ದು 1980ರ ದಶಕದಲ್ಲಿ. ಇವುಗಳಲ್ಲಿ ಪ್ರತಿ ಕೀಲಿಗೂ ಪ್ರತ್ಯೇಕ ಸ್ಪ್ರಿಂಗು, ಪ್ರತ್ಯೇಕ ಲೋಹದ ಸಂಪರ್ಕ. ಕೀಲಿ ಒಟ್ಟು 4 ಮಿ.ಮೀ. ಕೆಳಗಿಳಿಯುತ್ತದೆ, 2 ಮಿ.ಮೀ. ಇಳಿಯುವಷ್ಟರಲ್ಲೇ ಅಕ್ಷರ ಮೂಡುತ್ತದೆ. ನೀಲಿಯಲ್ಲಿ ಸದ್ದು ಇದ್ದರೆ, ಕಂದು ಬಣ್ಣದ್ದರಲ್ಲಿ ಬೆರಳಿಗೆ ತಾಗುವ ಸಣ್ಣ ಉಬ್ಬು ಇದೆ. ಲೀನಿಯರ್ ಎಂಬುದರಲ್ಲಿ ಎರಡೂ ಇಲ್ಲ. ಮೇಲಿನಿಂದ ತಳದವರೆಗೆ ನುಣುಪಾದ ಇಳಿತ. ಕಪ್ಪು ಲೀನಿಯರಿಗೆ ಸುಮಾರು 60 ಗ್ರಾಂ ಒತ್ತಡ ಬೇಕು. 2008ರಲ್ಲಿ ಬಂದ ಕೆಂಪಿಗೆ ಸುಮಾರು 45 ಗ್ರಾಂ ಸಾಕು. ವೇಗ ಬಯಸುವ ಗಣಕ ಆಟಗಾರರು ಇದನ್ನು ಮೆಚ್ಚಿಕೊಂಡರು. ಮುಂದೆ ಚೀನಾದ ಗೇಟರಾನ್, ಕೈಲ್ ಮೊದಲಾದ ಕಂಪನಿಗಳೂ ಇದೇ ಮಾದರಿಯ ಸ್ವಿಚ್ಚುಗಳನ್ನು ತಯಾರಿಸಿ ಬೆಲೆ ಇಳಿಸಿದವು.

ಆಟದಲ್ಲಿ ಕೀಲಿ ತಪ್ಪಿದರೆ ಹೋಗುವುದು ಆಟವಷ್ಟೇ. ಕಚೇರಿಯ ಮಾತು ಬೇರೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ಅವು 67 ಲಕ್ಷ ಹಿಡುವಳಿದಾರರ ಹೊಲಗಳ ದಾಖಲೆಗಳು. ಕೈಬರಹದ ಪುಸ್ತಕ ನೋಡಿ ಪ್ರತಿ ಹೆಸರನ್ನೂ ಯಾರೋ ಒಬ್ಬರು ಬೆರಳಿನಿಂದಲೇ ಒತ್ತಬೇಕಾಯಿತು. ಪಹಣಿಯ ಹೆಸರಿಗೂ ಆಧಾರ್ ಚೀಟಿಯ ಹೆಸರಿಗೂ ಒಂದಕ್ಷರ ತಾಳೆಯಾಗದಿದ್ದರೆ ಬೆಳೆಸಾಲಕ್ಕೋ ಪರಿಹಾರಕ್ಕೋ ತೊಡಕು. ಇಂಥ ತಪ್ಪುಗಳಿಗೆಲ್ಲ ಕೀಲಿಮಣೆಯೇ ಕಾರಣವಲ್ಲ. ಓದಿದ್ದರಲ್ಲೂ ಬರೆದದ್ದರಲ್ಲೂ ತಪ್ಪುಗಳಿದ್ದವು. ಆದರೂ ದಣಿದ ಬೆರಳು ಶಿಫ್ಟನ್ನು ಅರೆಗಳಿಗೆ ಮೊದಲೇ ಬಿಟ್ಟರೆ ಣಕಾರ ನಕಾರವಾಗುವುದಂತೂ ನಿಜ.

ಹಾಗಾದರೆ ಕನ್ನಡ ಬೆರಳಚ್ಚಿಗೆ ಲೀನಿಯರ್ ಸ್ವಿಚ್ಚು ತಕ್ಕುದೇ? ಅದು ಬೆರಳಿನ ಅಭ್ಯಾಸವನ್ನು ಅವಲಂಬಿಸಿದೆ. ಸಾಕ್ಷಿ ಹೇಳಿಕೆಯನ್ನು ಅಲ್ಲೇ ದಾಖಲಿಸಿಕೊಳ್ಳುವ ನ್ಯಾಯಾಲಯದ ಕೊಠಡಿಯಲ್ಲಿ ನೀಲಿ ಸ್ವಿಚ್ಚಿನ ಸದ್ದು ಕಿರಿಕಿರಿಯೇ ಸರಿ. ಅಲ್ಲಿ ಲೀನಿಯರ್ ಹಿತ. ಯೋಚಿಸುವಾಗ ಬೆರಳನ್ನು ಕೀಲಿಗಳ ಮೇಲೆ ಊರಿ ಕೂರುವ ರೂಢಿಯವರಿಗೆ ತೀರ ಹಗುರವಾದದ್ದು ಬೇಡ. ಬೇಡದ ಅಕ್ಷರಗಳು ತಾವಾಗಿಯೇ ಬೀಳುತ್ತವೆ. ಅವರಿಗೆ ತುಸು ಬಿಗಿಯಾದ ಸ್ಪ್ರಿಂಗು ಒಳ್ಳೆಯದು. ದಿನವಿಡೀ ಒತ್ತಿ ಬೆರಳು ನೋಯುವವರಿಗೆ ಹಗುರವಾದದ್ದೇ ಮೇಲು. ಆದರೆ ತಳದವರೆಗೆ ಗುದ್ದುವ ಅಭ್ಯಾಸವನ್ನು ಬಿಡಬೇಕು, ಇಲ್ಲದಿದ್ದರೆ ಹಗುರದ ಪ್ರಯೋಜನ ಸಿಗದು. ಬೆರಳಚ್ಚು ಯಂತ್ರದ ಮೇಲೆ ಕಲಿತ ಕೈಗೆ ಲೀನಿಯರಿನ ಮೌನ ಹಿಡಿಸದೆ ಹೋಗಬಹುದು. ಉಬ್ಬು ಇರುವ ಸ್ವಿಚ್ಚು ಅವರಿಗೆ ನೆಂಟನಂತೆ. ಬೆಸುಗೆಯಿಲ್ಲದೆ ಸ್ವಿಚ್ಚು ಬದಲಿಸಬಹುದಾದ ಕೀಲಿಮಣೆಗಳೂ ಈಗ ಸಿಗುವುದರಿಂದ, ಶಿಫ್ಟ್ ಕೀಲಿಗೆ ಮಾತ್ರ ಹಗುರ ಸ್ಪ್ರಿಂಗು ಹಾಕಿ ಕಿರುಬೆರಳಿನ ಹೊರೆ ಇಳಿಸುವುದೂ ಸಾಧ್ಯ.

ಕೊಳ್ಳುವ ಮುನ್ನ ಜಾಹೀರಾತಿನ ಅಂಕಿಗಳನ್ನು ನೋಡುವುದಕ್ಕಿಂತ ಒಂದು ಪುಟ ಕನ್ನಡ ಒತ್ತಿ ನೋಡುವುದು ಮೇಲು. ಒತ್ತಕ್ಷರ, ದೀರ್ಘ, ಸೊನ್ನೆ ತುಂಬಿದ ಊರುಗಳ ಹೆಸರು, ಜನರ ಹೆಸರು ಅದರಲ್ಲಿರಲಿ. ಕೀಲಿಮಣೆಗೆ ಹಣ ಕೊಡುವುದು ಒಂದು ಬಾರಿ. ಪಹಣಿಯಲ್ಲಿ ತಪ್ಪಿದ ಒಂದಕ್ಷರವನ್ನು ತಿದ್ದಿಸಲು ಹೊಲದ ಕೆಲಸ ಬಿಟ್ಟು ಕಚೇರಿಗೆ ಬರುವ ರೈತ ಎಷ್ಟು ಬಾರಿ ಬರಬೇಕಾದೀತೆಂಬ ಲೆಕ್ಕ ಯಾವ ರಶೀದಿಯಲ್ಲೂ ಇರುವುದಿಲ್ಲ.